ಗುಂಡಿಯಷ್ಟೇ ಗುಂಡಿ

ದೊಡ್ಡಮ್ಮನ ಅಂಗಡಿಯಲ್ಲಿ ಮಾರುವುದು ಗುಂಡಿ ಮಾತ್ರ. ಅಂಗಿಯ ಗುಂಡಿ, ಕೋಟಿನ ಗುಂಡಿ, ದಿಂಬಿನ ಚೀಲದ ಗುಂಡಿ. ಎರಡು ಕಣ್ಣಿನದು, ನಾಲ್ಕು ಕಣ್ಣಿನದು, ಕಣ್ಣೇ ಇಲ್ಲದೆ ಬೆನ್ನಿಗೆ ಕೊಂಡಿ ಇರುವುದು. ನೆಲದಿಂದ ಸೂರಿನವರೆಗೆ ಸಣ್ಣ ಸಣ್ಣ ಡ್ರಾಯರುಗಳು, ಒಂದೊಂದರ ಎದುರಿಗೂ ಒಳಗಿರುವ ಗುಂಡಿಯನ್ನೇ ಹೊಲಿದಿಟ್ಟ ಗುರುತು. ಆದರೆ ಈ ಅಂಗಡಿಯಲ್ಲಿ ಗುಂಡಿಯ ಗಾತ್ರವನ್ನು ಬಾಯಲ್ಲಿ ಹೇಳುವಂತಿರಲಿಲ್ಲ. ಯಾರಾದರೂ ಗಿರಾಕಿ ಹೆಬ್ಬೆರಳಿಗೆ ತೋರುಬೆರಳು ಸೇರಿಸಿ, ಗಾಳಿಯಲ್ಲಿ ಉಂಗುರ ಮಾಡಿ, ಸುಮಾರು ಇಷ್ಟಿರುತ್ತೆ ಎಂದರೆ ಸಾಕು, ದೊಡ್ಡಮ್ಮ ಮುಖ ಆ ಕಡೆ ಮಾಡುತ್ತಿದ್ದಳು.

"ಸುಮಾರು ಅನ್ನೋ ಸೈಜು ನಮ್ಮಲ್ಲಿ ಬರಲ್ಲ."

ಅಲ್ಲಿ ನಡೆಯುತ್ತಿದ್ದದ್ದು ತೂತಿನ ಹಲಗೆಯ ಮಾತು. ಮೊಳದುದ್ದದ ಕಪ್ಪು ಮರದ ಹಲಗೆ. ಅದರಲ್ಲಿ ಸಾಲಾಗಿ ಕೊರೆದ ತೂತುಗಳು, ಈ ತುದಿಯಲ್ಲಿ ಕಾಳುಮೆಣಸು ಹಿಡಿಸುವಷ್ಟು, ಆ ತುದಿಯಲ್ಲಿ ಬಾಟಲಿಯ ಮುಚ್ಚಳ ಹಿಡಿಸುವಷ್ಟು. ಗಿರಾಕಿ ತಂದ ಗುಂಡಿಯನ್ನು ದೊಡ್ಡಮ್ಮ ಒಂದೊಂದೇ ತೂತಿಗೆ ಕೂರಿಸಿ ನೋಡುತ್ತಿದ್ದಳು. ಯಾವ ತೂತಿನಲ್ಲಿ ಗುಂಡಿ ಬಿಗಿಯಾಗಿ ಕೂತು ಸುತ್ತಲೂ ಕೂದಲೆಳೆಯ ಬೆಳಕೂ ಕಾಣುವುದಿಲ್ಲವೋ ಅದೇ ಅದರ ಸೈಜು. ಹಲಗೆ ತೀರ್ಪು ಕೊಟ್ಟ ಮೇಲೆ ಮೇಲ್ಮನವಿ ಇಲ್ಲ.

ಈ ನ್ಯಾಯಾಲಯದ ಮೂಲೆಯಲ್ಲಿ, ಕೌಂಟರಿನ ಕೊನೆಗೆ, ಗುಂಡಿಯ ಡಬ್ಬಗಳ ನಡುವೆ ಒಂದು ಕಂಪ್ಯೂಟರ್ ಇತ್ತು. ಅದು ಪುಟ್ಟಿಯದು. ಪುಟ್ಟಿ ಎಂದರೆ ದೊಡ್ಡಮ್ಮನ ತಂಗಿಯ ಮಗಳು. ಓದು ಮುಗಿಸಿ, ಪುಟ ಜೋಡಿಸುವ ಕೆಲಸ ಕಲಿತು, ಹೆಸರಿಗೆ ತಕ್ಕ ಹಾಗೆ ಪುಟಗಳಲ್ಲೇ ಬದುಕುತ್ತಿದ್ದವಳು. ಶಾಲೆಯೊಂದರ ಅಭ್ಯಾಸ ಪುಸ್ತಕ, ಕುರ್ಚಿ ಮೇಜು ಮಾಡುವವರ ಕ್ಯಾಟಲಾಗು, ಔಷಧಿ ಅಂಗಡಿಯ ಕರಪತ್ರ, ಏನು ಕೊಟ್ಟರೂ ಅಚ್ಚುಕಟ್ಟಾಗಿ ಪುಟಕ್ಕಿಳಿಸಿ ಕೊಡುತ್ತಿದ್ದಳು. ಕೆಲಸದ ಮೇಲೆ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನ ಇದ್ದದ್ದು ಕೂತ ಜಾಗದ ಮೇಲೆ. ಒಂದು ಸಾಲು ಮೇಲೆತ್ತಿ ಇನ್ನೊಂದು ಸಾಲು ಕೆಳಗಿಳಿಸುವಷ್ಟರಲ್ಲಿ ಯಾರಾದರೂ ಬಂದು, ತಾಯೀ, ಜಾಕೆಟಿಗೆ ಹಿತ್ತಾಳೆ ಗುಂಡಿ ಇದೆಯಾ ಎನ್ನುತ್ತಿದ್ದರು. ಒಮ್ಮೆ ಔಷಧಿ ಅಂಗಡಿಯ ಕರಪತ್ರದಲ್ಲಿ "ದಿನಕ್ಕೆ ಎರಡು ಗುಂಡಿ, ಊಟದ ನಂತರ" ಎಂದು ಬಂದುಬಿಟ್ಟಿತ್ತು. ಗುಳಿಗೆ ಎಂದು ತಿದ್ದುವಷ್ಟರಲ್ಲಿ ಅವಳ ಗುಂಡಿಗೆ ಬಾಯಿಗೆ ಬಂದಿತ್ತು.

ಅಂಗಡಿಯ ಮೇಲೊಂದು ಕೋಣೆಯಿತ್ತು. ಒಡೆದ ರಟ್ಟಿನ ಪೆಟ್ಟಿಗೆಗಳು ಬಿಟ್ಟರೆ ಬೇರೇನಿಲ್ಲ. ಅಗಲವಾದ ಕಿಟಕಿ, ದಿನವಿಡೀ ಒಂದೇ ಸಮ ಬೀಳುವ ಬೆಳಕು, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. ಪುಟ್ಟಿ ಆ ಕೋಣೆಯನ್ನು ಕೇಳಿದ್ದು ಒಂದೆರಡು ಸಲವಲ್ಲ. ದೊಡ್ಡಮ್ಮ ಇಲ್ಲ ಎಂದವಳೂ ಅಲ್ಲ, ಹೂಂ ಎಂದವಳೂ ಅಲ್ಲ.

ಹೀಗಿರುವಾಗ ಪರಊರಿನ ದರ್ಜಿಗಳ ಗೋಳು ಹೆಚ್ಚಾಯಿತು. ಅವರು ಮಾದರಿಗೆಂದು ಅಂಚೆಯಲ್ಲಿ ಒಂಟಿ ಗುಂಡಿ ಕಳಿಸುತ್ತಿದ್ದರು. ಲಕೋಟೆ ಬರುತ್ತಿತ್ತು, ಮೂಲೆಯಲ್ಲಿ ತೂತು ಮಾಡಿಕೊಂಡು ಗುಂಡಿ ದಾರಿಯಲ್ಲೇ ಇಳಿದುಹೋಗಿರುತ್ತಿತ್ತು. ಒಬ್ಬ ಕೋಟು ದರ್ಜಿ ಫೋನಿನಲ್ಲಿ ಕಣ್ಣುಗುಡ್ಡೆಯಷ್ಟು ದಪ್ಪ ಎಂದನಂತೆ. ಯಾರ ಕಣ್ಣುಗುಡ್ಡೆ ಎಂದು ದೊಡ್ಡಮ್ಮ ಕೇಳಿದ್ದಕ್ಕೆ ಮುನಿಸಿಕೊಂಡು ಬೇರೆ ಅಂಗಡಿ ಹಿಡಿದ.

ಆಗ ಪುಟ್ಟಿಯೇ ದಾರಿ ಹೇಳಿದಳು. ಒಂದು ಪುಸ್ತಕ ಮಾಡೋಣ. ಅಂಗಡಿಯ ಎಲ್ಲ ಗುಂಡಿಯ ಚಿತ್ರ, ಗುಂಡಿ ಎಷ್ಟಿದೆಯೋ ಅಷ್ಟೇ ದೊಡ್ಡದಾಗಿ, ಪಕ್ಕದಲ್ಲಿ ನಂಬರು. ದರ್ಜಿ ತನ್ನ ಮೇಜಿನ ಮೇಲೆ ಪುಸ್ತಕ ಬಿಡಿಸಿ, ತನ್ನ ಗುಂಡಿಯನ್ನು ಚಿತ್ರದ ಮೇಲಿಡುತ್ತಾನೆ. ಯಾವ ಚಿತ್ರ ಗುಂಡಿಯಡಿ ಪೂರ್ತಿ ಮುಚ್ಚಿಹೋಗುತ್ತದೋ ಅದರ ನಂಬರು ಫೋನಿನಲ್ಲಿ ಹೇಳಿದರೆ ಮುಗಿಯಿತು.

ದೊಡ್ಡಮ್ಮ ಹಲಗೆಯನ್ನು ಒರೆಸುತ್ತ ಯೋಚಿಸಿದಳು. ಆಮೇಲೆ ಒಂದೇ ಉಸಿರಿಗೆ ಎರಡು ಮಾತು ಹೇಳಿದಳು.

"ಪುಸ್ತಕ ಸರಿಯಾಗಿ ಬಂತೋ, ಮೇಲಿನ ರೂಮು ನಿಂದು. ಬರ್ಲಿಲ್ವೋ, ಆ ಕಂಪ್ಯೂಟರ್ ಪೆಟ್ಟಿಗೆಗೆ ಬಟ್ಟೆ ಮುಚ್ಚಿ ಗಲ್ಲಾದ ಹತ್ರ ಬಂದು ಕೂತ್ಕೋ. ನನಗಿಲ್ಲಿ ಪೂರ್ತಿ ಆಳು ಬೇಕು ಕಣೇ, ಅರ್ಧ ಆಳಲ್ಲ."

"ರೂಮಿನ ರಟ್ಟಿನ ಪೆಟ್ಟಿಗೆಗಳನ್ನ ಈಗಲೇ ಹೊರಗೆ ಹಾಕಿಸಿಬಿಡಿ ದೊಡ್ಡಮ್ಮ," ಎಂದಳು ಪುಟ್ಟಿ.

ಗುಂಡಿಗಳನ್ನು ಸ್ಕ್ಯಾನ್ ಮಾಡುವ ಕೆಲಸ ದೊಡ್ಡಮ್ಮನ ಮಗನ ಪಾಲಿಗೆ ಬಂತು. ಕಂಡದ್ದನ್ನೆಲ್ಲ ಫೋನಿನ ಪರದೆಯ ಮೇಲೆ ಎರಡು ಬೆರಳಲ್ಲಿ ಹಿಗ್ಗಿಸಿ ನೋಡುವ ಚಟ ಇದ್ದದ್ದರಿಂದ ಮನೆಯಲ್ಲಿ ಅವನಿಗೆ ಜೂಮಣ್ಣ ಎಂದೇ ಹೆಸರು. ಊಟಕ್ಕೆ ಕೂತಾಗ ಅವನು ಅನ್ನವನ್ನೂ ಎರಡು ಬೆರಳಲ್ಲಿ ಹಿಗ್ಗಿಸಲು ನೋಡುತ್ತಾನೆ ಎಂದು ಪುಟ್ಟಿ ಅವನ ಎದುರಿಗೇ ನಟಿಸಿ ತೋರಿಸುತ್ತಿದ್ದಳು. ಅಣಕಿಸುವುದು ಅವಳ ಹುಟ್ಟುಗುಣ, ಯಾರನ್ನೂ ಬಿಟ್ಟವಳಲ್ಲ. ಅಣ್ಣ ಪಾಪ, ನಕ್ಕು ಸುಮ್ಮನಾಗಿ, ಡ್ರಾಯರು ಡ್ರಾಯರಿನ ಗುಂಡಿಗಳನ್ನೂ ಸ್ಕ್ಯಾನ್ ಮಾಡಿಕೊಟ್ಟ.

ಪುಟ್ಟಿ ಪುಟಗಳಲ್ಲಿ ಸಮನಾದ ಚೌಕಟ್ಟುಗಳನ್ನು ಸಾಲಾಗಿ ಎಳೆದು, ಒಂದೊಂದು ಚೌಕಟ್ಟಿಗೂ ಒಂದೊಂದು ಚಿತ್ರವನ್ನು ತರಿಸಿಕೊಳ್ಳುವಂತೆ ತಂತ್ರಾಂಶಕ್ಕೆ ಹೇಳಿದಳು. ಕಣ್ಣು ಮಿಟುಕಿಸುವುದರಲ್ಲಿ ಎಲ್ಲ ಗುಂಡಿಗಳೂ ತಂತಮ್ಮ ಮನೆ ಸೇರಿಕೊಂಡವು. ಎಷ್ಟು ಚಂದ ಕಂಡವೆಂದರೆ, ಅವಳು ಅಲ್ಲೇ ಅಂಗಡಿಯ ಪ್ರಿಂಟರಿನಲ್ಲಿ ಮೊದಲ ಪ್ರತಿ ತೆಗೆದು, ಗಾಳಿಗೆ ಆರಿಸಿ, ದೊಡ್ಡಮ್ಮನ ಮುಂದಿಟ್ಟಳು.

ದೊಡ್ಡಮ್ಮ ಕನ್ನಡಕ ಏರಿಸಿ ಹಾಳೆ ಮಗುಚಿದಳು. ಒಂದು ಚಿತ್ರದ ಮೇಲೆ ಬೆರಳಿಟ್ಟು ಇದು ಯಾವುದೆಂದಳು. ಓವರ್‌ಕೋಟಿನದು ಎಂದಳು ಪುಟ್ಟಿ. ಬೆರಳು ಪಕ್ಕದ ಚಿತ್ರಕ್ಕೆ ಹೋಯಿತು. ಅದು ಅಂಗಿಯ ತೋಳಿನದು.

"ಜೋಡಿ ಸರಿಯಾಗಿದೆ. ಎತ್ತರ ದಪ್ಪ ಎಲ್ಲ ಒಂದೇ ಸಮ. ಮದುವೆ ಮಾಡ್ಸೋದಾ ಇವಕ್ಕೆ?"

ಪುಟ್ಟಿಗೆ ಆಗ ಕಂಡಿತು. ಕುರ್ಚಿ ಮೇಜಿನ ಕ್ಯಾಟಲಾಗು ಮಾಡಿ ಮಾಡಿ ಕೈಗೆ ಹಿಡಿದ ರೂಢಿ ಅದು: ಚಿತ್ರ ಬಂದೊಡನೆ ಚೌಕಟ್ಟಿಗೆ ಹೊಂದಿಸಿಬಿಡು ಎಂದು ತಂತ್ರಾಂಶಕ್ಕೆ ಶಾಶ್ವತ ಅಪ್ಪಣೆ ಕೊಟ್ಟಿಟ್ಟಿದ್ದಳು. ಪುಟದ ಮೇಲೆ ಕುರ್ಚಿ ಇಟ್ಟು ಅಳೆಯುವವರು ಯಾರೂ ಇಲ್ಲ, ಅದಕ್ಕೇ ಆಗ ತೊಂದರೆಯಾಗಿರಲಿಲ್ಲ. ಈಗ ಆ ಅಪ್ಪಣೆ ಕಿಕ್ಕಿರಿದ ಬಸ್ಸಿನ ಕಂಡಕ್ಟರನ ಹಾಗೆ ಕೆಲಸ ಮಾಡಿತ್ತು. ಅವಳು ಅಲ್ಲೇ ಕಂಡಕ್ಟರನಾಗಿ, ಕಂಕುಳಲ್ಲಿ ಚೀಲ ಸಿಕ್ಕಿಸಿದಂತೆ ನಿಂತು, ದನಿ ಬದಲಿಸಿದಳು: ದಪ್ಪಗಿರೋರು ಸ್ವಲ್ಪ ಮುದುಡ್ಕೊಳ್ಳಿ, ಸಣ್ಣಗಿರೋರು ಕಾಲು ಚಾಚಿ, ಸೀಟಿಗೊಬ್ರು, ಸೀಟು ತುಂಬ ಒಬ್ರು.

ದೊಡ್ಡಮ್ಮ ನಗಲಿಲ್ಲ. ಆದರೆ ಹಾಳೆ ಹಿಂದಿರುಗಿಸುವಾಗ ಒಂದು ಚಿತ್ರದ ಹತ್ತಿರ ತಡೆದಳು. ಮುತ್ತಿನ ಚಿಪ್ಪಿನ ಗುಂಡಿ; ಅಂಗಡಿಯ ಹೆಮ್ಮೆ, ಅವಳದೇ ಸ್ವೆಟರಿಗೂ ಅದೇ ಗುಂಡಿ. ನಿಜದಲ್ಲಿ ಕಿರುಬೆರಳ ಉಗುರಿಗಿಂತ ಚಿಕ್ಕದು. ಪುಟದಲ್ಲಿ ಮಾತ್ರ ಕಂಡಕ್ಟರನ ದಯೆಯಿಂದ ಹುಣ್ಣಿಮೆಯ ಚಂದ್ರನಾಗಿ ಮಿನುಗುತ್ತಿತ್ತು. ಇದು ಮಾತ್ರ ಚೆನ್ನಾಗಿದೆ ಎಂದು ಗೊಣಗಿ, ಉಳಿದದ್ದನ್ನು ಸರಿಮಾಡಿಕೊಂಡು ಬಾ ಎಂದಳು.

ಪುಟ್ಟಿ ಎದೆಗುಂದಲಿಲ್ಲ. ರೋಗ ಗೊತ್ತಾದ ಮೇಲೆ ಮದ್ದಿಗೇನು ಬರ? ಚೌಕಟ್ಟಿಗೆ ಹೊಂದಿಸುವ ಅಪ್ಪಣೆ ತೆಗೆದುಹಾಕಿ, ಪ್ರತಿ ಚಿತ್ರವೂ ತನ್ನ ಮೂಲ ಗಾತ್ರದಲ್ಲೇ, ನೂರಕ್ಕೆ ನೂರರಷ್ಟೇ ಬರಲಿ ಎಂದು ಹೊಸ ಅಪ್ಪಣೆ ಕೊಟ್ಟು, ಚಿತ್ರಗಳನ್ನು ಮತ್ತೆ ಕರೆದಳು. ಅವು ಬಂದವು. ಅಂಗಿಯ ಗುಂಡಿ ಊಟದ ತಟ್ಟೆಯಷ್ಟಾಗಿ ಪುಟದಿಂದಾಚೆ ಉರುಳಿತು. ಓವರ್‌ಕೋಟಿನ ಗುಂಡಿಯೂ ಇರಬೇಕಾದ್ದಕ್ಕಿಂತ ಊದಿಕೊಂಡಿತ್ತು, ಆದರೆ ಆ ತಟ್ಟೆಯ ಪಕ್ಕದಲ್ಲಿ ಬಟ್ಟಲಿನ ಹಾಗೆ ಕಂಡಿತು.

ಮೊದಲು ಎಲ್ಲರೂ ಸಮ. ಈಗ ಚಿಕ್ಕವರು ದೊಡ್ಡವರು, ದೊಡ್ಡವರು ಚಿಕ್ಕವರು. ಅವಳು ಅಣ್ಣನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಬೈಯಲಿಲ್ಲ, ಅವನು ಏನೇನು ಮಾಡಿದ ಎಂದು ಒಂದೊಂದಾಗಿ ಕೇಳಿದಳು. ಅವನು ಹೇಳಿದ್ದರಲ್ಲಿ ದುರುದ್ದೇಶದ ಸುಳಿವೇ ಇರಲಿಲ್ಲ. ದೊಡ್ಡ ಗುಂಡಿಗಳು ಹೇಗೂ ಕಾಣುತ್ತವೆ ಎಂದು ಅವನ್ನು ಮಾಮೂಲಿ ಸ್ಕ್ಯಾನ್ ಮಾಡಿದ್ದ. ಸಣ್ಣವು ಪಾಪ ಸರಿಯಾಗಿ ಕಾಣಲಿ ಎಂದು ಬಹಳ ನುಣುಪಾಗಿ, ಇಂಚಿಗೆ ನಾಲ್ಕು ಪಟ್ಟು ಹೆಚ್ಚು ಚುಕ್ಕೆ ಬರುವ ಹಾಗೆ ಮಾಡಿದ್ದ. ಆಮೇಲೆ ಎಲ್ಲವನ್ನೂ ಫೋನಿನಲ್ಲಿ ಫೋಟೋ ಚಂದ ಮಾಡುವ ಸೌಂದರ್ಯವರ್ಧಕ ಆ್ಯಪಿಗೆ ಹಾಕಿ ಮುಖ ತೊಳೆಸಿದ್ದ.

"ಮುಖದ ಜೊತೆ ಲೇಬಲ್ಲೂ ತೊಳೆದುಬಿಟ್ಟಿದ್ದೀಯಲ್ಲೋ ಅಣ್ಣ," ಎಂದಳು ಪುಟ್ಟಿ.

ಅವನಿಗೆ ಅರ್ಥವಾಗಲಿಲ್ಲ. ಅವಳು ಅಂಗಡಿಯ ಭಾಷೆಯಲ್ಲೇ ಹೇಳಿದಳು. ಚಿತ್ರಕ್ಕೆ ತಾನು ಎಷ್ಟು ಅಗಲ ಎನ್ನುವುದು ಗೊತ್ತಿರುವುದಿಲ್ಲ. ತನ್ನಲ್ಲಿ ಎಷ್ಟು ಚುಕ್ಕೆಗಳಿವೆ ಎನ್ನುವುದಷ್ಟೇ ಗೊತ್ತು. ಇಂಚಿಗೆ ಇಷ್ಟು ಚುಕ್ಕೆ ಎಂಬ ಒಂದು ಚೀಟಿ, ಅಂಗಿಯ ಕಾಲರಿನ ಸೈಜಿನ ಚೀಟಿಯಂತೆ, ಫೈಲಿನ ಒಳಗೆ ಅಂಟಿರುತ್ತದೆ. ತಂತ್ರಾಂಶ ಆ ಚೀಟಿ ಓದಿ ಚುಕ್ಕೆಗಳನ್ನು ಬಿಗಿಯಾಗಿ ಜೋಡಿಸಬೇಕೋ ಸಡಿಲವಾಗಿ ಜೋಡಿಸಬೇಕೋ ತೀರ್ಮಾನಿಸುತ್ತದೆ. ಸೌಂದರ್ಯವರ್ಧಕ ಚೀಟಿಯನ್ನೇ ಕಿತ್ತಿತ್ತು. ಚೀಟಿ ಕಾಣದ ತಂತ್ರಾಂಶ ಎಲ್ಲವನ್ನೂ ಒಂದೇ ಸಡಿಲದಲ್ಲಿ ಹರಡಿತು. ಹೆಚ್ಚು ಚುಕ್ಕೆ ತುಂಬಿಸಿಕೊಂಡಿದ್ದ ಸಣ್ಣ ಗುಂಡಿ ಹೆಚ್ಚು ಜಾಗ ಹಿಡಿಯಿತು.

ಜೂಮಣ್ಣ ತಲೆ ಕೆರೆದುಕೊಂಡು, ಸಣ್ಣವರಿಗೆ ಒಳ್ಳೇದು ಮಾಡೋಣ ಅಂತ ಮಾಡಿದ್ದು ಎಂದ. ಗೊತ್ತು ಎಂದಳು ಪುಟ್ಟಿ, ಅದೇ ತೊಂದರೆ.

ಆ ವಾರ ಇಬ್ಬರೂ ಕೂತು ಎಲ್ಲ ಗುಂಡಿಗಳನ್ನೂ ಮತ್ತೆ ಸ್ಕ್ಯಾನ್ ಮಾಡಿದರು. ಸಣ್ಣದಿರಲಿ ದೊಡ್ಡದಿರಲಿ ಎಲ್ಲಕ್ಕೂ ಒಂದೇ ಕಾನೂನು, ಒಂದೇ ಸಾಂದ್ರತೆ, ನಡುವೆ ಯಾರ ಮೇಕಪ್ಪೂ ಇಲ್ಲ. ಗುಂಡಿಗಳ ಪಕ್ಕದಲ್ಲೇ ಗಾಜಿನ ಮೇಲೆ ಒಂದು ಉಕ್ಕಿನ ಅಳತೆಪಟ್ಟಿಯನ್ನೂ ಮಲಗಿಸಿದಳು, ಸಾಕ್ಷಿಗೆ. ನೂರಕ್ಕೆ ನೂರರಲ್ಲಿ ಚಿತ್ರಗಳನ್ನು ಕರೆದಾಗ ತಂತ್ರಾಂಶದ ಅಳತೆಯೂ ಉಕ್ಕಿನ ಪಟ್ಟಿಯ ಗೆರೆಗಳೂ ಒಂದರ ಮೇಲೊಂದು ಕೂತವು. ಓವರ್‌ಕೋಟು ಓವರ್‌ಕೋಟಿನಷ್ಟು, ತೋಳು ತೋಳಿನಷ್ಟು. ಚೌಕಟ್ಟುಗಳಿಗೆ ಅವಳು ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದ್ದು ಇಷ್ಟೇ: ಬಂದವರ ಮೈಗೆ ತಕ್ಕ ಹಾಗೆ ನೀವು ಹಿಗ್ಗಿ, ನೀವು ಕುಗ್ಗಿ, ಅವರ ತಂಟೆಗೆ ಹೋಗಬೇಡಿ.

ಪುಟಗಳು ಪ್ರೆಸ್ಸಿಗೆ ಹೋದವು. ಪೂರ್ತಿ ಅಚ್ಚಿಗೆ ಮುಂಚೆ ನೋಡಿ ಒಪ್ಪಲೆಂದು ಪ್ರೆಸ್ಸಿನವರು ಒಂದು ಪ್ರತಿ ಕಳಿಸಿದರು. ದಪ್ಪ ಕಾಗದ, ಹೊಳೆಯುವ ಬಣ್ಣ. ದೊಡ್ಡಮ್ಮ ಅದನ್ನು ಕೌಂಟರಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದಳು. ದೊಡ್ಡವು ದೊಡ್ಡದಾಗಿದ್ದವು, ಚಿಕ್ಕವು ಚಿಕ್ಕದಾಗಿದ್ದವು. ಸ್ವೆಟರಿನ ಜೇಬಿಗೆ ಕೈ ಹಾಕಿ ಮೇಲಿನ ಕೋಣೆಯ ಬೀಗದ ಕೈ ತೆಗೆದಳು, ಹಾಳೆಯ ಮೇಲಿಟ್ಟಳು, ಆದರೆ ಬೆರಳು ಅದರ ಮೇಲಿಂದ ತೆಗೆಯಲಿಲ್ಲ.

"ಒಂದೇ ಒಂದು. ಆ ಮುತ್ತಿನ ಚಿಪ್ಪಿನದು ಮೊದಲಿನ ಹಾಗೇ ದೊಡ್ಡದಾಗಿ ಹಾಕು. ಇಲ್ನೋಡು, ಅಕ್ಕಿನುಚ್ಚಿನ ಹಾಗೆ ಕಾಣ್ತಿದೆ. ನಮ್ಮ ಅಂಗಡಿಯ ಮರ್ಯಾದೆ ಅದು."

ಬೀಗದ ಕೈ ಒಂದು ಗೇಣು ದೂರದಲ್ಲಿತ್ತು. ಹೂಂ ಎಂದಿದ್ದರೆ ಸಾಕಿತ್ತು. ಒಂದು ಚಿತ್ರ ಹಿಗ್ಗಿಸುವುದು ತಂತ್ರಾಂಶಕ್ಕೆ ಆಕಳಿಸಿದಷ್ಟೂ ಶ್ರಮದ ಕೆಲಸವಲ್ಲ.

"ಆಗಲ್ಲ ದೊಡ್ಡಮ್ಮ," ಎಂದಳು ಪುಟ್ಟಿ. "ಒಂದನ್ನ ಹಿಗ್ಗಿಸಿದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ? ಗುಂಡಿ ಗುಂಡಿಯಷ್ಟೇ ಇರಬೇಕು. ನೋಡಿ, ನಿಮ್ಮ ಹಲಗೆಯೇ ಹೇಳುತ್ತೆ."

ಹೇಳಿದವಳೇ ತೂತಿನ ಹಲಗೆಯನ್ನು ಎಳೆದುಕೊಂಡಳು. ಚಿಪ್ಪಿನ ಗುಂಡಿ ಯಾವ ತೂತಿನದೆಂದು ಇಬ್ಬರಿಗೂ ಗೊತ್ತು. ಆ ತೂತನ್ನು ಪುಟದ ಚಿತ್ರದ ಮೇಲೆ ಸರಿಯಾಗಿ ಕೂರಿಸಿದಳು. ತೂತಿನ ತುಂಬ ಗುಂಡಿಯೇ ಕಾಣಬೇಕು, ಕಾಗದದ ಬಿಳಿ ಒಂದಿಷ್ಟೂ ಇಣುಕಬಾರದು. ಅವಳು ಬಗ್ಗಿ ನೋಡಿದಳು. ದೊಡ್ಡಮ್ಮನೂ ಬಗ್ಗಿ ನೋಡಿದಳು. ಇಬ್ಬರ ತಲೆಗಳು ಮೆಲ್ಲಗೆ ತಾಗಿದವು.

ಗುಂಡಿಯ ಸುತ್ತ ಕೂದಲೆಳೆಯಷ್ಟು ಬಿಳಿ ಬಳೆ.

ಪುಟ್ಟಿ ಹಲಗೆಯನ್ನು ಸರಿಸಿ ಕೋಟಿನ ಗುಂಡಿಯ ಮೇಲೆ ಅದರದೇ ತೂತನ್ನು ಕೂರಿಸಿದಳು. ಅಲ್ಲಿಯೂ ಬಳೆ, ಇನ್ನೂ ಕೊಂಚ ದಪ್ಪ. ಓವರ್‌ಕೋಟಿನ ಮೇಲೆ ಕಣ್ಣಿಗೆ ಹೊಡೆಯುವಷ್ಟು. ಪೂರ್ಣಗ್ರಹಣ ತೋರಿಸುತ್ತೇನೆಂದು ಕರೆದು ಕಂಕಣಗ್ರಹಣ ತೋರಿಸಿದ ಹಾಗಾಗಿತ್ತು.

ಬೀಗದ ಕೈ ಹಾಳೆಯ ಮೇಲಿಂದ ಎದ್ದು ಸ್ವೆಟರಿನ ಜೇಬು ಸೇರಿತು. ದೊಡ್ಡಮ್ಮ ಗಲ್ಲಾದ ಹತ್ತಿರದ ಸ್ಟೂಲನ್ನು ಕಾಲಲ್ಲಿ ಸ್ವಲ್ಪ ಪಕ್ಕಕ್ಕೆ ಎಳೆದಳು, ಯಾರೋ ಬಂದು ಕೂರುವುದಕ್ಕೆ ಜಾಗ ಮಾಡಿದ ಹಾಗೆ.

ಪುಟ್ಟಿ ಸ್ಟೂಲಿನ ಕಡೆ ನೋಡಲೇ ಇಲ್ಲ. ಅವಳ ತಲೆ ಬೇರೆ ಕಡೆ ಓಡುತ್ತಿತ್ತು. ಒಂದೆರಡು ಗುಂಡಿ ತಪ್ಪಿದ್ದರೆ ತನ್ನ ಕೈತಪ್ಪು. ಇಲ್ಲಿ ಎಲ್ಲವೂ ತಪ್ಪಿದ್ದವು, ಅದೂ ಲೆಕ್ಕಾಚಾರವಾಗಿ: ದೊಡ್ಡದಕ್ಕೆ ದಪ್ಪ ಬಳೆ, ಸಣ್ಣದಕ್ಕೆ ತೆಳು ಬಳೆ. ಅಂದರೆ ಗುಂಡಿಗಳು ಕುಗ್ಗಿರಲಿಲ್ಲ, ಇಡೀ ಪುಟ ಕುಗ್ಗಿತ್ತು. ಪುಟದ ಅಂಚಿನ ಬಿಳಿ ಜಾಗಕ್ಕೆ ಅಳತೆಪಟ್ಟಿ ಹಿಡಿದಳು. ಅವಳು ಬಿಟ್ಟದ್ದಕ್ಕಿಂತ ನಾಲ್ಕೂ ಕಡೆ ಅಗಲವಾಗಿತ್ತು.

"ತಪ್ಪು ಪುಟದಲ್ಲಿಲ್ಲ ದೊಡ್ಡಮ್ಮ, ದಾರಿಯಲ್ಲಿದೆ. ನಮ್ಮ ಮನೆ ಬಿಟ್ಟು ಕಾಗದ ಸೇರೋದ್ರೊಳಗೆ ಯಾರೋ ಇವನ್ನ ಒತ್ತಿದ್ದಾರೆ. ನಾನು ಪ್ರೆಸ್ಸಿಗೆ ಹೋಗಿ ಬರ್ತೀನಿ. ಸುಳ್ಳಾದ್ರೆ ನೀವು ಕರೆಯೋದೂ ಬೇಡ, ನಾನೇ ಆ ಸ್ಟೂಲಿನ ಮೇಲೆ ಬಂದು ಕೂರ್ತೀನಿ."

"ಸ್ಟೂಲು ಒರೆಸಿಟ್ಟಿರ್ತೀನಿ," ಎಂದಳು ದೊಡ್ಡಮ್ಮ.

ಪ್ರೆಸ್ಸಿನ ಯಜಮಾನರದು ತಗ್ಗಿದ, ನಿಧಾನದ ದನಿ. ಪ್ರತಿ ಮಾತಿನ ಮುಂದೆಯೂ ಒಂದು ಹ್ಮ್ ಇರುತ್ತಿತ್ತು. ಹ್ಮ್, ತಮ್ಮ ಮಷೀನು ಕೊಟ್ಟದ್ದನ್ನು ಕೊಟ್ಟ ಹಾಗೆ ಹೊಡೆಯುತ್ತದೆ ಎಂದರು. ಹ್ಮ್, ಇಷ್ಟು ವರ್ಷಗಳಲ್ಲಿ ಯಾರೂ ಅಳೆದು ನೋಡಿದವರಿಲ್ಲ ಎಂದರು. ಪುಟ್ಟಿ ತಾನೂ ಅರಿವಿಲ್ಲದೆ ಹ್ಮ್ ಎಂದೇ ಶುರುಮಾಡಿ, ಹಾಗಾದರೆ ಇವತ್ತು ಅಳೆಯೋಣ ಎಂದಳು. ಕಂಪ್ಯೂಟರಿನಲ್ಲಿ ಮಷೀನಿಗೆ ಪುಟ ಕಳಿಸುವ ಕಿಟಕಿಯನ್ನೊಮ್ಮೆ ತೆರೆದು ತೋರಿಸಿ ಎಂದು ಕೇಳಿಕೊಂಡಳು.

ಅವರು ತೆರೆದರು. ಕಿಟಕಿಯ ಕೆಳಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ಒಂದು ಪುಟಾಣಿ ಚೌಕ; ಅದರೊಳಗೊಂದು ಸರಿ ಗುರುತು; ಪಕ್ಕದಲ್ಲಿ ಬರಹ: ಕಾಗದಕ್ಕೆ ಹೊಂದಿಸು.

ಪುಟ್ಟಿಗೆ ಹಳೆಯ ಪರಿಚಯದವನನ್ನು ಕಂಡ ಹಾಗಾಯಿತು. ಕಂಡಕ್ಟರ್ ಇಲ್ಲಿಗೂ ಬಂದು ಕೂತಿದ್ದ.

"ಹ್ಮ್, ಅದು ಒಳ್ಳೇದಕ್ಕೇ ಇರೋದು ಕಣಮ್ಮಾ," ಎಂದರು ಯಜಮಾನರು. "ಹಿಂದೆ ಒಬ್ಬರ ಪುಸ್ತಕದಲ್ಲಿ ಅಂಚಿನ ಅಕ್ಷರ ಕತ್ತರಿಸಿ ಹೋಯ್ತು. ದೊಡ್ಡ ರಂಪ. ಅವತ್ತಿಂದ ಎಲ್ಲರನ್ನೂ ಒಂಚೂರು ಒಳಗೆ ತಳ್ಳಿಯೇ ಹೊಡೆಯೋದು. ಒಬ್ಬರಿಗೂ ಗೊತ್ತಾಗಿಲ್ಲ."

"ಓದೋರಿಗೆ ಗೊತ್ತಾಗಲ್ಲ ಸಾರ್. ನಮ್ಮ ಪುಸ್ತಕ ಓದೋಕಲ್ಲ, ಇಟ್ಟು ನೋಡೋಕೆ."

ಮೂರು ಕಡೆ ಮೂರು ಜನ, ಅಲ್ಲ, ಒಂದು ತಂತ್ರಾಂಶ ಮತ್ತು ಇಬ್ಬರು ಸಜ್ಜನರು, ಒಳ್ಳೆಯದು ಮಾಡಲು ಹೋಗಿ ಗುಂಡಿಗಳನ್ನು ಹಿಗ್ಗಿಸಿ ಕುಗ್ಗಿಸಿದ್ದರು. ಯಾರೂ ತಡೆಯದೆ ಇದ್ದಿದ್ದರೆ ಕೋಟುಗಳೆಲ್ಲ ಎದೆ ತೆರೆದುಕೊಂಡೇ ಓಡಾಡಬೇಕಿತ್ತು. ಪುಟ್ಟಿ ಯಜಮಾನರ ಕೈಯಲ್ಲೇ ಆ ಸರಿ ಗುರುತನ್ನು ತೆಗೆಸಿದಳು. ತನ್ನ ಪುಟಗಳ ಅಂಚಿನಲ್ಲಿ ಕತ್ತರಿಸಿ ಹೋಗುವಂಥದ್ದು ಏನೂ ಇಲ್ಲವೆಂದು ಒಂದೊಂದು ಪುಟವನ್ನೂ ತೋರಿಸಿ ಒಪ್ಪಿಸಿದಳು. ಆಮೇಲೆ ಅಲ್ಲೇ ಕೂತು ಪ್ರತಿ ಪುಟದ ಬುಡದಲ್ಲೂ ಒಂದು ಸಣ್ಣ ಅಳತೆಗೆರೆ ಸೇರಿಸಿದಳು, ಅಡಿಯಲ್ಲಿ ಒಂದು ಸಾಲು: "ನಿಮ್ಮ ಟೇಪನ್ನು ಈ ಗೆರೆಯ ಮೇಲಿಡಿ. ಸರಿಹೋಗದಿದ್ದರೆ ಈ ಪುಟವನ್ನು ನಂಬಬೇಡಿ, ನಮಗೆ ಫೋನ್ ಮಾಡಿ." ಯಜಮಾನರು ಅದನ್ನು ಎರಡು ಸಲ ಓದಿದರು. ತನ್ನನ್ನೇ ನಂಬಬೇಡಿ ಎನ್ನುವ ಪುಟವನ್ನು ಅವರು ಈವರೆಗೆ ಅಚ್ಚು ಹಾಕಿರಲಿಲ್ಲ.

ಹೊಸ ಪ್ರತಿ ಹಿಡಿದು ಅವಳು ಅಂಗಡಿಗೆ ಬಂದಾಗ ಸ್ಟೂಲು ನಿಜವಾಗಿಯೂ ಒರೆಸಿಟ್ಟಿತ್ತು. ದೊಡ್ಡಮ್ಮ ಹಲಗೆಯನ್ನು ತಾನೇ ಎತ್ತಿಕೊಂಡಳು. ಓವರ್‌ಕೋಟಿನ ಮೇಲಿಟ್ಟಳು: ಬಳೆ ಇಲ್ಲ. ಕೋಟು, ಜಾಕೆಟು, ಅಂಗಿ, ದಿಂಬಿನ ಚೀಲ. ಜೂಮಣ್ಣ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅವನ ಎರಡು ಬೆರಳುಗಳು ತಾವಾಗಿಯೇ ಗಾಳಿಯಲ್ಲಿ ಹಿಗ್ಗುತ್ತಿದ್ದವು. ಎಲ್ಲಿಯೂ ಬಿಳಿ ಇಣುಕಲಿಲ್ಲ.

ಕೊನೆಗೆ ಚಿಪ್ಪಿನ ಗುಂಡಿಯ ಪುಟ. ದೊಡ್ಡಮ್ಮ ಹಲಗೆ ಪಕ್ಕಕ್ಕಿಟ್ಟು ಸುಮ್ಮನೆ ನೋಡಿದಳು. ಅಕ್ಕಿನುಚ್ಚು ಈಗಲೂ ಅಕ್ಕಿನುಚ್ಚೇ. ಅವಳಿಗೆ ಸಮಾಧಾನವಿಲ್ಲವೆಂದು ಪುಟ್ಟಿಗೆ ತಿಳಿಯಿತು. ಆದರೂ ತನ್ನ ಮಾತಿಗೆ ಒಂದಕ್ಷರವನ್ನೂ ಸೇರಿಸಲಿಲ್ಲ, ಕಳೆಯಲಿಲ್ಲ.

ದೊಡ್ಡಮ್ಮ ಕತ್ತರಿ ತೆಗೆದುಕೊಂಡಳು. ತನ್ನ ಸ್ವೆಟರಿನ ಕೊನೆಯ ಗುಂಡಿಯ ದಾರವನ್ನು ಕತ್ತರಿಸಿ, ಗುಂಡಿಯನ್ನು ಪುಟದ ಚಿತ್ರದ ಮೇಲಿಟ್ಟಳು. ಚಿತ್ರ ಮಾಯವಾಯಿತು. ಗುಂಡಿಯನ್ನು ಪಕ್ಕಕ್ಕೆ ಸರಿಸಿದಳು, ಚಿತ್ರ ಬಂತು. ಮತ್ತೆ ಮುಚ್ಚಿದಳು, ಮತ್ತೆ ಸರಿಸಿದಳು. ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಗಿರಾಕಿ ಬಂದು ಕೆಮ್ಮಿದರು. ದೊಡ್ಡಮ್ಮ ಆ ಕಡೆ ಒಮ್ಮೆ ನೋಡಿ, ಬಂದೆ ಎಂದು, ಗುಂಡಿ ಎತ್ತಿಕೊಳ್ಳಲು ಪುಟಕ್ಕೆ ಕೈ ಹಾಕಿದಳು. ಉಗುರಿನಿಂದ ಕೆರೆದಳು. ಗುಂಡಿ ಬರಲಿಲ್ಲ. ಇನ್ನೊಮ್ಮೆ ಕೆರೆದಳು.

"ಅಂಟಿಕೊಂಡಿದೆಯಲ್ಲೇ ಇದು."

"ಅದು ಅಚ್ಚಿನದು ದೊಡ್ಡಮ್ಮ," ಎಂದಳು ಪುಟ್ಟಿ. "ನಿಮ್ಮದು ಪಕ್ಕದಲ್ಲಿದೆ."

ಗಿರಾಕಿಯೂ ಸೇರಿದಂತೆ ಯಾರೂ ನಗಲಿಲ್ಲ, ದೊಡ್ಡಮ್ಮ ಮೊದಲು ನಗಲಿ ಎಂದು ಕಾದರು. ಅವಳು ನಕ್ಕಳು, ಹೊಟ್ಟೆ ಕುಲುಕುವಷ್ಟು, ಸ್ವೆಟರಿನಲ್ಲಿ ಉಳಿದಿದ್ದ ಗುಂಡಿಗಳು ಒಂದಕ್ಕೊಂದು ಎಳೆದಾಡುವಷ್ಟು. ಇಷ್ಟು ವರ್ಷ ಬೆರಳಲ್ಲಿ ಆಡಿಸಿದ ಗುಂಡಿ ತನ್ನನ್ನೇ ಏಮಾರಿಸಿತಲ್ಲ ಎಂದು ಹೇಳಿಕೊಂಡು ಕಣ್ಣೊರೆಸಿಕೊಂಡಳು. ಹೀಗೆ ದೊಡ್ಡಮ್ಮನನ್ನು ಏಮಾರಿಸಲು ಚಂದ್ರನಷ್ಟಿದ್ದ ಆ ಮೊದಲ ಚಿತ್ರಕ್ಕೆ ಸಾಧ್ಯವಾಗುತ್ತಿರಲಿಲ್ಲ. ಅದು ಅವಳಿಗೂ ಹೊಳೆದಿರಬೇಕು, ದೊಡ್ಡದು ಮಾಡು ಎಂಬ ಮಾತು ಮತ್ತೆ ಬರಲಿಲ್ಲ. ಬೀಗದ ಕೈ ಜೇಬಿನಿಂದ ಹೊರಬಂತು. ಈ ಸಲ ಬೆರಳು ಅದರ ಮೇಲೆ ಉಳಿಯಲಿಲ್ಲ.

ಪುಟ್ಟಿ ಹೊಸ ಕೋಣೆಗೆ ಮೇಜು ಹೇಳಿದಳು. ನಾಲ್ಕು ಪುಟಗಳನ್ನು ಅಕ್ಕಪಕ್ಕ ಹರಡಿ ನೋಡುವಷ್ಟು ಅಗಲ, ಕಾಲುಗಳನ್ನು ಬಿಚ್ಚಲಾಗದಂತೆ ಕೂಡಿಸಿದ್ದು, ಇಡೀ ಬದುಕಿಗಾಗುವಂಥ ಮರ. ಎಲ್ಲವನ್ನೂ ತಾನೇ ಅಳೆದು, ಬಡಗಿಗೆ ಬರೆದುಕೊಟ್ಟಳು. ಸುಮಾರು ಎಂಬ ಮಾತೇ ಇರಲಿಲ್ಲ. ಮೇಜು ಬಂತು, ಮೆಟ್ಟಿಲು ಹತ್ತಿತು, ಕೋಣೆಯ ಬಾಗಿಲಿಗೆ ಬಂದು ನಿಂತಿತು. ಒಳಗೆ ಹೋಗಲಿಲ್ಲ.

ಅಡ್ಡ ಹಿಡಿದರು, ಉದ್ದ ಹಿಡಿದರು, ಓರೆ ಮಾಡಿದರು. ಜೂಮಣ್ಣ ತಲೆಕೆಳಗು ಮಾಡಿ ನೋಡಿ ಎಂದ. ಕೋಣೆಯನ್ನು ಅಳೆದಿದ್ದಳು, ಕಿಟಕಿಯ ಬೆಳಕು ಎಲ್ಲಿ ಬೀಳುತ್ತದೆಂದು ಅಳೆದಿದ್ದಳು, ಕುರ್ಚಿಯ ಎತ್ತರ ಅಳೆದಿದ್ದಳು, ಬಾಗಿಲನ್ನು ಅಳೆದಿರಲಿಲ್ಲ. ಪುಟಗಳಿಗೆ ಬಾಗಿಲು ಇರುವುದಿಲ್ಲವಲ್ಲ.

ಬಡಗಿ ಬೆವರು ಒರೆಸಿಕೊಂಡು, ಚಿಂತೆ ಬೇಡ, ಈ ಬದಿಯಲ್ಲಿ ಒಂದು ಗೇಣು ಕುಯ್ದುಬಿಟ್ಟರೆ ಸಲೀಸಾಗಿ ಹೋಗುತ್ತದೆ, ನೋಡಿದವರಿಗೆ ಗೊತ್ತೂ ಆಗುವುದಿಲ್ಲ ಎಂದ. ಅವನೂ ಒಳ್ಳೆಯದಕ್ಕೇ ಹೇಳಿದ್ದು. ಗರಗಸ ಕೈಗೆ ಬಂದಾಗಿತ್ತು.

ಪುಟ್ಟಿ ಬಾಯಿ ತೆರೆಯುವ ಮೊದಲೇ ಕೆಳಗಿನಿಂದ, ಮೆಟ್ಟಿಲ ಬುಡದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ದೊಡ್ಡಮ್ಮನ ದನಿ ಬಂತು. ಆ ದನಿ ಸ್ವಲ್ಪ ಬೇರೆಯಾಗಿತ್ತು. ಕೊನೆಯ ಅಕ್ಷರವನ್ನು ಎಳೆಯುವ ರೀತಿ, ನಡುವೆ ಸಣ್ಣದಾಗಿ ತಡೆಯುವ ರೀತಿ, ಎಲ್ಲವೂ ಪುಟ್ಟಿಯದೇ. ಅಣಕಿಸುವುದು ಆ ಮನೆತನದಲ್ಲಿ ಎಲ್ಲಿಂದ ಹರಿದು ಬಂತೆಂದು ಪುಟ್ಟಿಗೆ ಆಗ ತಿಳಿಯಿತು.

"ಬಂದವರ ತಂಟೆಗೆ ಹೋಗಬೇಡಿ. ಮೇಜು ಕುಯ್ಯೋದು ಆಗಲ್ಲ. ಚೌಕಟ್ಟನ್ನೇ ಬಿಚ್ಚಿ."

ಬಡಗಿ ಗರಗಸ ಕೆಳಗಿಟ್ಟು ಉಳಿ ತೆಗೆದುಕೊಂಡ. ಬಾಗಿಲು ಕೀಲಿನಿಂದ ಇಳಿಯಿತು, ಚೌಕಟ್ಟು ಗೋಡೆಯಿಂದ ಸರಿಯಿತು, ಸುಣ್ಣದ ಪುಡಿ ಉದುರಿತು. ಮೇಜು ಒಳಗೆ ಹೋಗಿ ಕಿಟಕಿಯ ಕೆಳಗೆ, ಅವಳು ಅಳೆದಿದ್ದ ಜಾಗದಲ್ಲೇ ಕೂತಿತು, ನೂರಕ್ಕೆ ನೂರು.